ಆರಿಸುವ ಕೆಲಸ

ರೈಲ್ವೆಯವರು ಬಣ್ಣದ ಚುಕ್ಕಿಗಳ ಪುಸ್ತಕ ಬಿಚ್ಚಿ
ಇದರಲ್ಲಿ ಯಾವ ಅಂಕಿ ಎಂದಾಗ
ಅಂಕಿಯೇ ಇಲ್ಲವಲ್ಲ ಸಾರ್ ಎಂದೆ.
ಅಲ್ಲಿಗೆ ಮುಗಿಯಿತು.
ಉಪ್ಪಳ್ಳಿ ದಾರಿಯಲ್ಲಿ ಒಂದು ಶೆಟರು,
ಒಂದು ಮೀಟರು, ಒಂದು ಸೋಲ್ಡರಿಂಗ್ ಕಡ್ಡಿ.
ಮೂವತ್ತೊಂದು ವರ್ಷ.

ರೆಸಿಸ್ಟರಿನ ಮೈಮೇಲೆ ಉಂಗುರ ಉಂಗುರ:
ಕಂದು ಕಪ್ಪು ಕೆಂಪು ಅಂದರೆ ಸಾವಿರ,
ಕೆಂಪು ಕಪ್ಪು ಕಂದು ಅಂದರೆ ಇನ್ನೂರು.
ನನಗೆ ಎರಡೂ ಒಂದೇ ಕೆಸರು.

ಹಾಗಾಗಿ ದೇವೀರಮ್ಮ.

ಬಂದದ್ದು ಮಿಕ್ಸಿ ರಿಪೇರಿಗೆ. ದುಡ್ಡಿಗೆ ಚೌಕಾಸಿ ಮಾಡುತ್ತಲೇ
ಬೆಂಚಿನ ಮೇಲೆ ಚೆಲ್ಲಿದ್ದ ಚೂರುಗಳನ್ನು
ಬೆರಳಲ್ಲಿ ಸರಿಸಿ ಸರಿಸಿ ಹತ್ತು ಗುಡ್ಡೆ ಮಾಡಿದಳು.
ಅಳೆದು ನೋಡಿದೆ. ಒಂದೂ ತಪ್ಪಿಲ್ಲ.
"ಕ್ಯೂರಿಂಗಲ್ಲಿ ಇಪ್ಪತ್ತೆರಡು ವರ್ಷ ಬೀಜ ಆರಿಸಿದೀನಿ ಕಣಣ್ಣ.
ಕರಿದು, ಕಂದು, ಒಡಕು, ಹುಳ ಹೊಡೆದಿದ್ದು.
ಇದಕ್ಕೆ ಉಂಗುರ ಬೇರೆ ತೊಡಿಸವ್ರೆ. ಸಲೀಸು."

ಈಗ ಗುಜರಿ ಸಮಿವುಲ್ಲಾ ಚೀಲ ಸುರಿದು ಹೋದರೆ
(ಸೆಟ್‌ಟಾಪ್ ಬಾಕ್ಸು, ಸತ್ತ ಯುಪಿಎಸ್ಸು,
ಪಂಚಾಯ್ತಿ ಪ್ರಿಂಟರಿನ ಕರುಳು)
ನಾನು ಬೋರ್ಡಿನ ಬೆನ್ನಿಗೆ ಬಿಸಿಗಾಳಿ ಹಿಡಿಯುತ್ತೇನೆ.
ಸೀಸ ಬೆವರಿ, ಹೊಳೆದು, ನೀರಾಗುವ ಗಳಿಗೆಗೆ
ಮೇಜಿನ ಅಂಚಿಗೆ ಒಂದೇ ಏಟು.
ಬೇಗ ಕುಟ್ಟಿದರೆ ಕಾಲು ಮುರಿದವು, ತಡವಾದರೆ ಬೆಂದವು.
ಅವಳು ಮೊರ ಒಡ್ಡುತ್ತಾಳೆ. ನಿಜವಾದ ಮೊರ.
ತಲೆ ಉಬ್ಬಿದ ಕೆಪಾಸಿಟರು ಕೈಗೆ ತಾಗಿದರೆ
"ಇದಕ್ಕೆ ಅಜೀರ್ಣ" ಎಂದು ಬಕೆಟ್ಟಿಗೆ.

ಆರಿಸು ಅನ್ನುವುದು ವಿಚಿತ್ರ ಮಾತು.
ಹೆಕ್ಕುವುದಕ್ಕೂ ಅದೇ, ಬಿಸಿ ಇಳಿಸುವುದಕ್ಕೂ ಅದೇ,
ದೀಪ ಕಳೆಯುವುದಕ್ಕೂ ಅದೇ.
ನಮ್ಮಂಗಡಿಯಲ್ಲಿ ಮೂರೂ ಉಂಟು,
ಮೂರನೆಯದನ್ನು ಕರೆಂಟಿನವರೇ ಮಾಡಿಕೊಡುತ್ತಾರೆ.

ಹೋದ ಗುರುವಾರ ಬಂತು ಮೊಳದುದ್ದದ ಬೋರ್ಡು.
ಹಸಿರಿನ ಮೇಲೆ (ಹಸಿರು ಎಂದದ್ದು ಅವಳೇ)
ಕಾಫಿಯ ಹೊಟ್ಟು, ಜಿಡ್ಡು ಧೂಳು,
ಎರಡು ಚಿಪ್ಪುಗಳ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಬೀಜ.
ಮೂಸಿದಳು.
"ನಮ್ಮ ಮಿಷನ್ನು."
ಉಗುರಲ್ಲಿ ಬೀಜ ಎಬ್ಬಿಸಿ, ತಿರುಗಿಸಿ ನೋಡಿ,
ಒಡಕು ಎಂದು ಬಕೆಟ್ಟಿಗೆ ಹಾಕಿದಳು.

ಕ್ಯಾಮರಾ ನೋಡುತ್ತದೆ. ಕರಿಬೀಜ ಕಂಡರೆ
ಒಂದು ಟ್ರಾನ್ಸಿಸ್ಟರು ಕಣ್ಣು ಹೊಡೆಯುತ್ತದೆ,
ಒಂದು ತೂತು ಪುಫ್ ಎಂದು ಉಗುಳುತ್ತದೆ, ಬೀಜ ಹೊರಗೆ.
ಅರವತ್ತನಾಲ್ಕು ತೂತು, ಅರವತ್ತನಾಲ್ಕು ಟ್ರಾನ್ಸಿಸ್ಟರು.
ಅದು ಬಂದಿಳಿದ ವಾರವೇ
ಸಾಲಾಗಿ ಕೂರುತ್ತಿದ್ದ ಐವತ್ತೊಂದು ಹೆಂಗಸರಿಗೆ
ಲೆಕ್ಕ ಚುಕ್ತಾ ಮಾಡಿ, ತಲೆಗೊಂದು ಸ್ಟೀಲ್ ಡಬ್ಬಿ ಕೊಟ್ಟರಂತೆ.
ಇವಳ ಮಧ್ಯಾಹ್ನದ ಮುದ್ದೆ ಇನ್ನೂ ಅದರಲ್ಲೇ ಬರುತ್ತದೆ.

ಇದೊಂದನ್ನು ನಾನೇ ಬಿಚ್ಚುತ್ತೇನೆ ಬಿಡು ಎಂದೆ.
"ಕಾವು ಹಿಡಿ" ಎಂದಳು.

ಕುಟ್ಟಿದರೆ ಉದುರುವ ಜಾತಿಯಲ್ಲ, ದಪ್ಪ ಕಾಲು.
ಒಂದೊಂದನ್ನೇ ಚಿಮಟದಲ್ಲಿ ಹಿಡಿದೆಳೆಯಬೇಕು.
ಎಳೆದ ಒಂದೊಂದಕ್ಕೂ ಒಂದು ಹೆಸರು:
ಗಂಗಮಾಳಮ್ಮ. ಸಿಸಿಲಿಯಾ. ಮೈಮೂನ. ಕುಳ್ಳಿ ಪುಟ್ಟಿ.
ಸೋಬಾನೆ ಹೇಳುತ್ತಿದ್ದ ತಾಯಮ್ಮ.
ಆಗ ಏಳು ತಿಂಗಳಾಗಿದ್ದ ಶಿವಮಣಿ.
ನೂರೈವತ್ತು ರೂಪಾಯಿ ತೀರಿಸದೆ ಹೋದ ರಂಗಿ
(ಇದನ್ನು ಕೊಂಚ ಜೋರಾಗಿಯೇ ಎಳೆದಳು).
ಐವತ್ತೊಂದನೆಯದು ತಾನು.
ಆಮೇಲೂ ಹದಿಮೂರು ಉಳಿದವು.
"ಇವು ಯಾರವಣ್ಣ?"
ನನಗೇನು ಗೊತ್ತು.

ಮೀಟರಿಗೆ ಹಾಕಿದೆ. ಒಂಬತ್ತು ಸತ್ತಿದ್ದವು.
ಯಾರು ಯಾರೆಂದು ನಾನು ಕೇಳಲಿಲ್ಲ,
ಅಷ್ಟರಲ್ಲಿ ಗುಡ್ಡೆಯಲ್ಲಿ ಎಲ್ಲ ಕಲೆತುಹೋಗಿತ್ತು.
ಮಿಕ್ಕ ಐವತ್ತೈದು ಕಾಫಿಪುಡಿ ಡಬ್ಬಿಯೊಳಗೆ.

ಶನಿವಾರ ವಿಜಯಪುರದ ಹಿಟ್ಟಿನ ಗಿರಣಿಯಿಂದ
ಇನ್ವರ್ಟರು ಬಂತು. ಮೂರು ಬೇಕಿತ್ತು.
ಡಬ್ಬಿ ಮುಂದಿಟ್ಟು ಆರಿಸು ಎಂದೆ.
"ಎಲ್ಲ ಒಂದೇ ಥರ ಇರುವಾಗ
ಆರಿಸೋದೇನು ಬಂತು ನಿನ್ನ ತಲೆ" ಎಂದು
ಕೈಗೆ ಸಿಕ್ಕ ಮೂರನ್ನು ಕೊಟ್ಟಳು.
ಬೆಸೆದೆ. ಗುಂಡಿ ಒತ್ತಿದೆ.
ಮೂಲೆಯಲ್ಲಿ ಸಣ್ಣದೊಂದು ದೀಪ ಹತ್ತಿತು.
ಹಸಿರೋ ಕೆಂಪೋ,
ಅವಳನ್ನು ಕೇಳಬೇಕು.